ಕುರಿ ನಡಿಗೆಯ ಗಾಡಿ

ಮುಧೋಳ,
12 ಆಗಸ್ಟ್ 1998

ತಮ್ಮ ಜಕ್ಕಪ್ಪನಿಗೆ,

ಕುದುರೆ ಸತ್ತ ಸುದ್ದಿಯನ್ನು ಸಾವಳಗಿ ಬಸ್ಸಿನಲ್ಲಿ ಬಂದವರು ಹೇಳಿದರು. ನೀನು ಒಂದು ಕಾಗದ ಹಾಕಲಿಲ್ಲ. ಅಪ್ಪ ಹೋದಾಗ ಕಣ್ಣೀರು ಹಾಕದವನು ಕುದುರೆಗೆ ಅತ್ತನಂತೆ ಅಂತ ಅವರೇ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಆ ಕುದುರೆಯ ಬೆನ್ನ ಮೇಲೆ ಕುರಿಮರಿಗಳ ಜೊತೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಅಪ್ಪ ಕೃಷ್ಣೆಯ ದಂಡೆಯುದ್ದಕ್ಕೂ ತಿರುಗಿದ್ದು ನನಗೂ ನೆನಪಿದೆ.

ಇನ್ನೊಂದು ಕುದುರೆ ಹುಡುಕಬೇಡ. ನನ್ನ ಗ್ಯಾರೇಜಿಗೆ ಒಂದು ಯಮಾಹಾ ಬಂದಿದೆ. ಕೊಲ್ಲಾಪುರದಲ್ಲಿ ಕೆಸರಿನ ರೇಸಿಗೆ ಓಡಿದ ಗಾಡಿ. ಓಡಿಸುವವನು ಕೈ ಮುರಿದುಕೊಂಡ, ಅವನ ತಾಯಿ ಮೊದಲು ಅದನ್ನು ಮನೆಯಿಂದ ಹೊರಗೆ ಹಾಕಿ ಅಂದಳು. ಟಾಯರಿಗೆ ದಪ್ಪ ದಪ್ಪ ಉಬ್ಬುಗಳಿವೆ, ಸೈಲೆನ್ಸರ್ ಮೇಲಕ್ಕೆ ಎತ್ತಿ ಕಟ್ಟಿದ್ದಾರೆ. ಎರೆಹೊಲದ ಕೆಸರಿಗೆ ಹೇಳಿ ಮಾಡಿಸಿದಂತಿದೆ. ಆದರೆ ರೇಸಿನ ಗಾಡಿಗೆ ನಿಧಾನ ಅಂದರೆ ಏನೆಂದು ಗೊತ್ತಿಲ್ಲ, ಅದನ್ನು ನಾನು ಕಲಿಸಬೇಕು.

ಎಂಜಿನಿನ ಬಳಿ ಒಂದು ಸಣ್ಣ ಹಲ್ಲಿನ ಚಕ್ರ ಇರುತ್ತದೆ, ಹಿಂದಿನ ಗಾಲಿಗೆ ಒಂದು ದೊಡ್ಡದು, ಎರಡಕ್ಕೂ ಸೇರಿ ಚೈನು. ಇವಕ್ಕೆ ನಾವು ಸ್ಪ್ರಾಕೆಟ್ ಅನ್ನುತ್ತೇವೆ. ಮುಂದಿನದರ ಹಲ್ಲು ಕಡಿಮೆ ಮಾಡಿದರೆ, ಇಲ್ಲವೇ ಹಿಂದಿನದರ ಹಲ್ಲು ಹೆಚ್ಚಿಸಿದರೆ, ಗಾಡಿ ಎತ್ತಿನ ಹಾಗೆ ಜಗ್ಗುತ್ತದೆ, ಆದರೆ ಓಡುವುದಿಲ್ಲ. ಅದಕ್ಕೆ ತಿರುಗಾಮುರುಗಾ ಮಾಡಿದರೆ ಓಡುತ್ತದೆ, ಜಗ್ಗುವುದಿಲ್ಲ. ಎರಡೂ ಬೇಕು ಅಂದರೆ ಯಾವ ಮೇಸ್ತ್ರಿಯಿಂದಲೂ ಆಗುವುದಿಲ್ಲ. ಹಾಗಾಗಿ ನಿನ್ನ ಹಿಂಡು ಎಷ್ಟು ಜೋರಾಗಿ ನಡೆಯುತ್ತದೆ ಎಂದು ಮೊದಲು ತಿಳಿಸು.

ಹಿಂಡು ಬಿಟ್ಟು ಬಂದವನಿಗೆ ಅಷ್ಟೂ ಮರೆತುಹೋಯಿತೇ ಅಂತ ಬೈಯುತ್ತೀ. ಬೈದು, ಆಮೇಲೆ ಬರೆ.

ನಿನ್ನ ಅಣ್ಣ,
ಭೀಮಶಿ


ಸಾವಳಗಿ,
30 ಆಗಸ್ಟ್ 1998

ಅಣ್ಣನಿಗೆ,

ಬೈದಾಯಿತು. ಈಗ ಬರೆಯುತ್ತಿದ್ದೇನೆ.

ಹಿಂಡು ಎಷ್ಟು ಜೋರು ನಡೆಯುತ್ತದೆ ಅಂತ ಕೇಳಿದ್ದೀಯ. ಅದನ್ನು ಬಿಡು. ಈದ ಕುರಿ ಹೇಗೆ ನಡೆಯುತ್ತದೆ ಅಂತ ಕೇಳು. ದಾರಿಯಲ್ಲಿ ಈದರೆ ಮರಿಯನ್ನು ನಾವು ಎತ್ತಿಕೊಳ್ಳುತ್ತೇವೆ. ತಾಯಿ ಅದರ ವಾಸನೆ ಹಿಡಿದು ಹಿಂದೆಯೇ ಬರುತ್ತದೆ. ಮರಿ ಮೂಗಿಗೆ ಸಿಗುವಷ್ಟು ಹತ್ತಿರ ಇರಬೇಕು. ನಾವು ಒಂದಿಷ್ಟು ಮುಂದೆ ಹೋದೆವೋ, ಅದು ಗಾಬರಿಯಾಗಿ ಈದ ಜಾಗಕ್ಕೇ ತಿರುಗಿ ಓಡುತ್ತದೆ. ಮರಿ ಅಲ್ಲೇ ಬಿದ್ದಿದೆ ಅಂತ ಅದರ ಲೆಕ್ಕ. ಕುದುರೆಗೆ ಇದೆಲ್ಲ ತಾನಾಗಿ ತಿಳಿದಿತ್ತು, ತಿರುಗಿ ನೋಡುತ್ತ ನೋಡುತ್ತ ಹೋಗುತ್ತಿತ್ತು. ನಿನ್ನ ಗಾಡಿ ಹಾಗೆ ಹೋಗಬೇಕು.

ಈ ಸಲ ದಾರಿಯೂ ಉದ್ದ. ಬೀಳಗಿ ಕಡೆ ನದಿದಂಡೆಯ ರೈತರು ಹೊಲದಲ್ಲಿ ಕುರಿ ಮಲಗಿಸಿಕೊಳ್ಳಲು ಒಲ್ಲೆ ಅನ್ನುತ್ತಿದ್ದಾರೆ. "ಡ್ಯಾಮಿನ ನೀರ ಏರತೈತಿ. ಮುಳಗೋ ಹೊಲಕ್ಕ ಕುರಿಗೊಬ್ಬರ ಯಾಕೋ ತಮ್ಮಾ?" ಅನ್ನುತ್ತಾರೆ. ಚನಮಲ್ಲಪ್ಪನವರೊಬ್ಬರು ಮಾತ್ರ ಬಾ ಅಂದಿದ್ದಾರೆ. ಅವರ ಹೊಲವೂ ಮುಳುಗುವುದೇ. ಒಂದು ಬಿಡಾರದಿಂದ ಇನ್ನೊಂದಕ್ಕೆ ನಡೆಯುವುದರಲ್ಲೇ ಮರಿಗಳು ಸಾಯುತ್ತವೆ.

ಇನ್ನೊಂದು ಸುದ್ದಿ ಅತ್ತಿಗೆಗೆ ಮೊದಲು ಹೇಳು. ಸುಂದರವ್ವ ಬಸುರಿ. ಸಂಕ್ರಾಂತಿ ಕಳೆದ ಮೇಲೆ ಅಂತ, ಹೆರಿಗೆ ಮಾಡಿಸುವ ನಮ್ಮ ಮುದಕವ್ವ ಅತ್ತೆ ಹೇಳುತ್ತಾಳೆ. ಮದುವೆಯಾಗಿ ಇಷ್ಟು ವರ್ಷ ಆದಮೇಲೆ. ಅತ್ತಿಗೆಗೆ ಈ ಸಾಲನ್ನು ಎರಡು ಸಲ ಓದಿ ಹೇಳು.

ಜಕ್ಕಪ್ಪ


ಮುಧೋಳ,
17 ಸೆಪ್ಟೆಂಬರ್ 1998

ಜಕ್ಕಪ್ಪಾ,

ನಿನ್ನ ಕಾಗದ ಓದಿ ನಿನ್ನ ಅತ್ತಿಗೆ ಅನ್ನವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಕಡೆಯ ತಿಂಗಳು ಹಿಡಿದ ಕೂಡಲೇ ಸುಂದರವ್ವನನ್ನು ಇಲ್ಲಿಗೆ ಕರೆತರಬೇಕು ಅಂತ ಅಪ್ಪಣೆಯಾಗಿದೆ. ತವರಿನಲ್ಲಿ ತಾಯಿ ಇಲ್ಲದ ಹುಡುಗಿ, ಬಾಣಂತನ ನಮ್ಮ ಮನೆಯಲ್ಲೇ. ಆಸ್ಪತ್ರೆ ಎರಡು ಓಣಿ ದಾಟಿದರೆ ಸಿಗುತ್ತದೆ.

ಗಾಡಿ ಕಳಿಸುತ್ತಿದ್ದೇನೆ. ಮುಂದೆ ಹದಿನಾಲ್ಕು ಹಲ್ಲಿನದಿತ್ತು, ತೆಗೆದು ಹದಿಮೂರರದು ಹಾಕಿದ್ದೇನೆ. ಹಿಂದಿನದನ್ನು ಮುಟ್ಟಿಲ್ಲ. ನಿನ್ನೆ ಅನ್ನವ್ವನನ್ನು ಗ್ಯಾರೇಜಿನ ಮುಂದೆ ನಡೆಸಿ, ನಾನು ಗಾಡಿ ಮೇಲೆ ಅವಳ ಹಿಂದೆ ಹಿಂದೆ ಹೋದೆ. ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ನಿಂತು ನೋಡಿದರು. "ಏನ್ರೀ, ಹೆಂಡ್ತಿ ಸಿಟ್ಟಾಗಿ ಹೊಂಟಾಳೇನು?" ಅಂತ ಒಬ್ಬ ಕೇಳಿದ. ಅವಳು ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿನ್ನ ಕುರಿಗಳ ದೆಸೆಯಿಂದ ನನಗೆ ಇದೂ ಆಯಿತು.

ಗೋಣಿಚೀಲದ ಜೋಳಿಗೆ ಎರಡೂ ಕಡೆ ಕಟ್ಟಿಸಿದ್ದೇನೆ. ಸೈಲೆನ್ಸರ್ ಬಿಸಿ ಮರಿಗಳಿಗೆ ತಾಗಬಾರದೆಂದು ನಡುವೆ ತಗಡು ಹಾಕಿದ್ದೇನೆ.

ಭೀಮಶಿ


ತುಬಚಿ,
26 ಅಕ್ಟೋಬರ್ 1998

ಅಣ್ಣನಿಗೆ,

ಗಾಡಿ ಛಲೋ ಇದೆ, ಆದರೆ ಸಾಲದು. ಗಟ್ಟಿ ದಾರಿಯಲ್ಲಿ ಹಿಂಡಿನ ಜೊತೆ ಹೇಗೋ ಬರುತ್ತದೆ. ಎರೆಹೊಲಕ್ಕೆ ಇಳಿದರೆ ಅರ್ಧ ಕ್ಲಚ್ ಹಿಡಿದೇ ಇರಬೇಕು. ಮೊನ್ನೆ ಮಳೆಯಲ್ಲಿ ಹೊಗೆ ಎದ್ದು ಸುಟ್ಟ ವಾಸನೆ ಬಂತು. ನಾನು ಬಿಟ್ಟರೆ ಅದು ಮುಂದೆ ಜಿಗಿಯುತ್ತದೆ, ತಾಯಿಕುರಿ ಹಿಂದೆ ಓಡುತ್ತದೆ. ಹೀಗೆ ಎರಡು ಮರಿ ತಾಯಿಯಿಂದ ತಪ್ಪಿದವು. ಸುಂದರವ್ವ ಅವಕ್ಕೆ ಬೇರೆ ಕುರಿಯ ಹಾಲು ಹಿಂಡಿ ಅರಿವೆಯಲ್ಲಿ ಅದ್ದಿ ಕುಡಿಸುತ್ತಿದ್ದಾಳೆ.

ಇನ್ನೂ ನಿಧಾನ ಮಾಡಿಕೊಡು. ಓಡುವುದು ನನಗೆ ಬೇಕಿಲ್ಲ. ನಾನು ಎಲ್ಲಿಗೆ ಓಡಬೇಕಾಗಿದೆ?

ದೀಪಾವಳಿಯ ಪೂಜೆ ಮುಗಿದಿದೆ. ಬರುವ ವಾರ ಸಾತಪ್ಪ ಕಾಕಾನಿಗೆ ಹಿಂಡು ಒಪ್ಪಿಸಿ ನಾನೇ ಗಾಡಿ ತೆಗೆದುಕೊಂಡು ಮುಧೋಳಕ್ಕೆ ಬರುತ್ತೇನೆ.

ಜಕ್ಕಪ್ಪ


ಮುಧೋಳ,
9 ನವೆಂಬರ್ 1998

ಜಕ್ಕಪ್ಪಾ,

ನೀನು ಹೋದ ಮೇಲೆ ಮನಸ್ಸಿಗೆ ಸಮಾಧಾನ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದನ್ನು ಮಾಡಿಕೊಟ್ಟೆ. ಮುಂದೆ ಹನ್ನೆರಡು, ಹಿಂದೆ ಲೇಥಿನವನ ಹತ್ತಿರ ಮಾಡಿಸಿದ ನಲವತ್ತನಾಲ್ಕು. ಚೈನಿಗೆ ಕೊಂಡಿ ಸೇರಿಸಿಯೂ ಆಯಿತು. ಮೊದಲ ಗೇರಿನಲ್ಲಿ ಎಕ್ಸಲೇಟರ್ ಬಿಟ್ಟು ಕೈಕಟ್ಟಿ ಕೂತರೂ ಗಾಡಿ ಹೆಜ್ಜೆ ಹಾಕಿದಂತೆ ಹೋಗುತ್ತದೆ. ನೀನು ನಕ್ಕೆ. ಅಂಗಳದಲ್ಲಿ ಸುತ್ತು ಹಾಕುತ್ತ "ಅಣ್ಣಾ, ನಮ್ಮ ಕುದುರಿ ಬಂತಲೇ!" ಅಂದೆ. ನೀನು ಹಾಗೆ ನಕ್ಕದ್ದು ನೋಡಿ ಬಹಳ ವರ್ಷ ಆಗಿತ್ತು.

ಆದರೆ ಇದರ ಇನ್ನೊಂದು ಮುಖ ನಿನಗೆ ಹೇಳಿದ್ದೆ, ಮತ್ತೆ ಹೇಳುತ್ತೇನೆ. ಡಾಂಬರು ರಸ್ತೆಯಲ್ಲಿ ಈಗ ಇದು ಗಂಟೆಗೆ ನಲವತ್ತೈದು ಕಿಲೋಮೀಟರ್ ದಾಟಿದರೆ ಎಂಜಿನು ಹುಚ್ಚು ಹಿಡಿದಂತೆ ಕೂಗುತ್ತದೆ, ಓಡುವುದಿಲ್ಲ. ಮನೆಯಲ್ಲಿ ಬಸುರಿ ಹೆಂಗಸಿದ್ದಾಳೆ. ಹಳೆಯ ಹದಿನಾಲ್ಕು ಹಲ್ಲಿನದನ್ನು ಗ್ರೀಸು ಹಚ್ಚಿ, ಕಾಗದ ಸುತ್ತಿ, ದಾರ ಕಟ್ಟಿ ಬೀಳಗಿ ಬಸ್ಸಿನ ಕಂಡಕ್ಟರ್ ಬಾಳು ಕೈಯಲ್ಲಿ ಕಳಿಸಿದ್ದೇನೆ. ಎರಡೇ ಬೋಲ್ಟು ಬಿಚ್ಚಬೇಕು. ಹಿಂದಿನ ಗಾಲಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರೆ ಅದೇ ಚೈನು ಸಾಲುತ್ತದೆ. ಡಿಸೆಂಬರ್ ಹಿಡಿಯುತ್ತಲೇ ಅದನ್ನು ಹಾಕು. ಮರಿಗಳಿಗೆ ಒಂದಿಷ್ಟು ತೊಂದರೆಯಾದರೆ ಆಗಲಿ. ಇಲ್ಲವೇ ಅವಳನ್ನು ಈಗಲೇ ತಂದು ಇಲ್ಲಿ ಬಿಡು.

ಅಣ್ಣನ ಕಾಟ ಅನ್ನಬೇಡ.

ಭೀಮಶಿ


ಚನಮಲ್ಲಪ್ಪನವರ ತೋಟ, ಬೀಳಗಿ ಕಡೆ,
6 ಡಿಸೆಂಬರ್ 1998

ಅಣ್ಣನಿಗೆ,

ನಿನ್ನ ಪೊಟ್ಟಣ ಬಂತು. ಬಿಡಾರದಲ್ಲಿ ಕಂಬಳಿ ಗಂಟಿನೊಳಗೆ ಇಟ್ಟಿದ್ದೇನೆ.

ನೀನು ಒಮ್ಮೆ ಬಂದು ನೋಡಬೇಕು. ಮುಂಜಾನೆ ಹಿಂಡು ಏಳುತ್ತದೆ, ಸಾತಪ್ಪ ಕಾಕಾ ಮುಂದೆ, ನಾನು ಗಾಡಿ ಮೇಲೆ ಹಿಂದೆ. ಜೋಳಿಗೆಯಿಂದ ಮರಿಗಳು ತಲೆ ಹೊರಗೆ ಹಾಕಿ ಕೂಗುತ್ತಿರುತ್ತವೆ, ಗಾಡಿಯ ಎರಡೂ ಬದಿಗೆ ತಾಯಿಕುರಿಗಳು ಮೂಗು ಹಚ್ಚಿಕೊಂಡೇ ಬರುತ್ತವೆ. ಒಂದೂ ಹಿಂದೆ ಓಡುವುದಿಲ್ಲ. ಸುಂದರವ್ವನಿಗೆ ಕಾಲು ಬಾತುಕೊಂಡರೆ ಅವಳನ್ನೂ ಹಿಂದೆ ಕೂರಿಸಿಕೊಳ್ಳುತ್ತೇನೆ. ಒಂದು ಮರಿ ಅವಳ ತೊಡೆಯ ಮೇಲೆ. "ಇವತ್ತ ಒಂದು ಬಸುರಿ ಕುರಿನೂ ಕೂತೈತಿ ಗಾಡಿ ಮ್ಯಾಲ" ಅಂತ ಮುದಕವ್ವ ಅತ್ತೆ ರೇಗಿಸುತ್ತಾಳೆ. ಈ ಸಲ ದಾರಿಯಲ್ಲಿ ಒಂದೂ ಮರಿ ಸತ್ತಿಲ್ಲ, ಅಣ್ಣಾ. ಅಪ್ಪನ ಕಾಲದಲ್ಲೂ ಹೀಗಾಗಿರಲಿಲ್ಲ.

ಹದಿನಾಲ್ಕರದನ್ನು ಹಾಕು ಅಂದಿದ್ದೀಯ. ಹಾಕುತ್ತೇನೆ. ದಿನವೂ ನಾಲ್ಕೈದು ಕುರಿ ಈಯುತ್ತಿವೆ, ಈಗ ಹಾಕಿದರೆ ಮತ್ತೆ ಮರಿ ತಪ್ಪುತ್ತವೆ. ಬರುವ ಅಮಾವಾಸ್ಯೆಗೆ ಈಯುವುದು ಮುಗಿಯುತ್ತದೆ, ಆಮೇಲೆ ಹಾಕಿಕೊಂಡು ಅವಳನ್ನು ಕರೆದುಕೊಂಡೇ ಬರುತ್ತೇನೆ. ಇನ್ನೂ ತಿಂಗಳ ಮೇಲೆ ಸಮಯ ಇದೆ.

ಜಕ್ಕಪ್ಪ


ಮುಧೋಳ,
24 ಡಿಸೆಂಬರ್ 1998

ಜಕ್ಕಪ್ಪಾ,

ಮೊನ್ನೆ ಬಾಳು ಬಸ್ಸು ನಿಲ್ಲಿಸಿ ಒಂದು ಪೊಟ್ಟಣ ಕೊಟ್ಟ. "ನಿಮ್ಮ ತಮ್ಮ ಕೊಟ್ಟಾನ್ರಿ. ಏನೂ ಹೇಳಲಿಲ್ಲ, ಮಾರಿ ನೋಡಿ ನಾನೂ ಕೇಳಲಿಲ್ಲ" ಅಂದ. ಬಿಚ್ಚುವ ಮೊದಲೇ ತಿಳಿಯಿತು. ನಾನು ಕಟ್ಟಿದ ದಾರ, ನಾನು ಹಾಕಿದ ಗಂಟು, ಹಾಗೆಯೇ ಇತ್ತು. ಹದಿನಾಲ್ಕು ಹಲ್ಲಿನದು.

ಮರುದಿನ ಚನಮಲ್ಲಪ್ಪನವರು ಮಾರ್ಕೆಟ್ಟಿಗೆ ಬಂದವರು ಎಲ್ಲ ಹೇಳಿದರು. ಅಕಾಲದ ಅಡ್ಡಮಳೆ ಬಂದ ಮರುದಿನ ಮಧ್ಯಾಹ್ನ ಬೇನೆ ಎದ್ದದ್ದು, ಜಮಖಂಡಿಯ ಆಸ್ಪತ್ರೆಗೆ ಹೋದದ್ದು, ಹೆಣ್ಣು ಕೂಸು ಹುಟ್ಟಿ ಸಂಜೆಯೊಳಗೆ ತೀರಿಕೊಂಡದ್ದು. ಅನ್ನವ್ವ ಅಡುಗೆ ಅರ್ಧಕ್ಕೇ ಬಿಟ್ಟು ಹೊರಟಳು. ನಾವಿಬ್ಬರೂ ಅಂದೇ ತೋಟಕ್ಕೆ ಬಂದೆವು. ನೀವು ಬಿಡಾರ ಕಿತ್ತುಕೊಂಡು ಹೋಗಿದ್ದಿರಿ. ಗಾಡಿ ಮಾತ್ರ ಚನಮಲ್ಲಪ್ಪನವರ ದನದ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿತ್ತು. ಜೋಳಿಗೆಯಲ್ಲಿ ಇನ್ನೂ ಕುರಿಯ ಉಣ್ಣೆ ಅಂಟಿಕೊಂಡಿತ್ತು.

ನನಗೆ ಸಿಟ್ಟಿಲ್ಲ. ಇದ್ದರೂ ಅದು ನಿನ್ನ ಮೇಲಲ್ಲ. ನೀವು ಎಲ್ಲಿದ್ದೀರಿ ಅಂತ ಒಂದು ಗೆರೆ ಬರೆ. ಸುಂದರವ್ವ ಊಟ ಮಾಡುತ್ತಾಳೋ ಇಲ್ಲವೋ ಬರೆ.

ಭೀಮಶಿ


ಸಾವಳಗಿ,
2 ಫೆಬ್ರವರಿ 1999

ಅಣ್ಣನಿಗೆ,

ನಿನ್ನ ಕಾಗದಗಳು ಬಂದವು. ಎಲ್ಲಕ್ಕೂ ಸೇರಿ ಇದೊಂದೇ ಉತ್ತರ.

ಆ ದಿನ ಬೇನೆ ಎದ್ದಾಗ ಮುದಕವ್ವ ಅತ್ತೆ ಹೊಟ್ಟೆ ಮುಟ್ಟಿ ನೋಡಿ "ಕೂಸು ಅಡ್ಡ ಬಿದ್ದೈತಿ, ನನ್ನ ಕೈಲೆ ಆಗಂಗಿಲ್ಲ, ದವಾಖಾನಿಗೆ ನಡಿ" ಅಂದಳು. ಮೂವರೂ ಗಾಡಿ ಮೇಲೆ ಕೂತೆವು. ಡಾಂಬರು ರಸ್ತೆಗೆ ಬಂದ ಮೇಲೆ ನಾನು ಎಕ್ಸಲೇಟರ್ ಪೂರ್ತಿ ತಿರುವಿದೆ. ಅದು ಕೂಗಿತು, ಹೋಗಲಿಲ್ಲ. ಹಾಲಿನ ಟೆಂಪೋ ನಮ್ಮನ್ನು ದಾಟಿ ಹೋಯಿತು. ಕೈ ಮಾಡಿದೆ, ನಿಲ್ಲಿಸಲಿಲ್ಲ. ಜೀಪು ದಾಟಿತು, ಬಸ್ಸು ದಾಟಿತು. ಎಲ್ಲರೂ ನಮ್ಮನ್ನು ದಾಟಿದರು. ಇಡೀ ದಾರಿ ನಾನು ಕಂಬಳಿ ಗಂಟಿನಲ್ಲಿದ್ದ ಆ ಪೊಟ್ಟಣವನ್ನೇ ನೆನೆಸಿದೆ. ಎರಡು ಬೋಲ್ಟು ಅಂತ ನೀನು ಬರೆದಿದ್ದೆ.

ಕುರಿಮರಿ ಉಳಿಸಲು ಹೋಗಿ ನನ್ನ ಮಗಳನ್ನು ಕಳೆದೆ. ನೀನೇನೂ ಸಮಾಧಾನ ಹೇಳಬೇಡ.

ಗಾಡಿ ಒಯ್ದು ಮಾರು, ಇಲ್ಲವೇ ಬಿಚ್ಚಿ ಹಾಕು. ನನಗೆ ಅದರ ಸದ್ದು ಕೇಳಬಾರದು. ಯುಗಾದಿ ಕಳೆದ ಮೇಲೆ ಹಿಂಡನ್ನೂ ಮಾರಿ ಕಬ್ಬು ಕಡಿಯುವ ಗ್ಯಾಂಗಿಗೆ ಸೇರುತ್ತೇನೆ.

ಜಕ್ಕಪ್ಪ


ಮುಧೋಳ,
20 ಫೆಬ್ರವರಿ 1999

ತಂಗಿ ಸುಂದರವ್ವನಿಗೆ,

ನಿನಗೆ ನಾನು ಹಿಂದೆಂದೂ ಕಾಗದ ಬರೆದಿಲ್ಲ. ಜಕ್ಕಪ್ಪ ನನ್ನ ಮಾತು ಕೇಳುವ ಸ್ಥಿತಿಯಲ್ಲಿಲ್ಲ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಅವನು ಮರಿಗಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಾನೆ, ಯಾರೊಂದಿಗೂ ಮಾತಿಲ್ಲ ಅಂತ ಸಾತಪ್ಪ ಕಾಕಾ ಹೇಳಿ ಕಳಿಸಿದ. ಹಿಂಡು ಮಾರಿದರೆ ಅವನು ಉಳಿಯುವುದಿಲ್ಲ. ಕುರಿ ಬಿಟ್ಟು ಬದುಕುವುದು ನನ್ನಂಥವನಿಗೆ ಆಯಿತು, ಅವನಿಗೆ ಆಗದು.

ಗಾಡಿ ಈಗ ನನ್ನ ಗ್ಯಾರೇಜಿನಲ್ಲಿದೆ. ದಿನವೂ ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ಅದರ ಮುಂದೆ ಕೂರುತ್ತೇನೆ. ಆ ಹನ್ನೆರಡು ಹಲ್ಲು ಹಾಕಿದ ಕೈ ನನ್ನದು, ಬಿಚ್ಚಲು ಹೋದರೆ ಆಗುತ್ತಿಲ್ಲ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಸು. ಅದನ್ನು ಮುರಿದು ಹಾಕು ಅಂದರೆ ಅಂದೇ ಮುರಿದು ಹಾಕುತ್ತೇನೆ. ನಮ್ಮಿಬ್ಬರಲ್ಲಿ ಯಾರನ್ನು ಬೈಯಬೇಕೆಂದರೂ ಬೈ.

ಭೀಮಶಿ


ಸಾವಳಗಿ,
14 ಮಾರ್ಚ್ 1999

ಭಾವನವರಿಗೆ ಸುಂದರವ್ವ ಮಾಡುವ ನಮಸ್ಕಾರ.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಕೂಡಿಸಿಕೊಂಡು ಓದಿರಿ. ಮೂರು ದಿನದಿಂದ ಸ್ವಲ್ಪ ಸ್ವಲ್ಪ ಬರೆಯುತ್ತಿದ್ದೇನೆ. ನೀವು ಕೇಳಿದಿರಿ, ಅದಕ್ಕೆ ಬರೆದೆ. ಇಲ್ಲಿಯ ತನಕ ಯಾರೂ ನನ್ನನ್ನು ಕೇಳಿರಲಿಲ್ಲ. ಬಂದವರೆಲ್ಲ ಇವರನ್ನೇ ಕೇಳಿದರು, ಗಾಡಿ ಯಾಕೆ ಓಡಲಿಲ್ಲ ಅಂತ.

ನಾನು ಊಟ ಮಾಡುತ್ತೇನೆ. ಎದೆಹಾಲು ಬತ್ತಲು ಬಹಳ ದಿನ ಹಿಡಿಯಿತು. ಈಗ ಇಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್‌ಬಾಯಿ ನನ್ನ ಹಾಸಿಗೆಯ ಬಳಿ ಕೂತು ಹೇಳಿದರು: "ತಂಗೀ, ಕೂಸಿನ ಗುಂಡಿಗಿ ಸರಿ ಬೆಳದಿದ್ದಿಲ್ಲ. ನಿನ್ನ ಹೊಟ್ಟಿಯೊಳಗ ಇರೂತನಕ ನಿನ್ನ ಉಸಿರಿನ ಮ್ಯಾಲ ಛಲೋ ಇತ್ತು. ಹೊರಗ ಬಂದ ಮ್ಯಾಲ ಅದಕ್ಕ ಆಗಲಿಲ್ಲ. ನೀವು ಮುಂಜಾನೆನ ಬಂದಿದ್ರೂ ಇಷ್ಟ ಆಗತಿತ್ತು." ಅದನ್ನು ಇವರಿಗೆ ಹೇಳಿದೆ. "ಡಾಕ್ಟರು ಎಲ್ಲಾರಿಗೂ ಹಂಗ ಹೇಳತಾರ" ಅಂದು ಎದ್ದು ಹೋದರು. ಆಮೇಲೆ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾರೆ. ನಾನು ಅವರನ್ನು ಬೈಯುತ್ತೇನೆ ಅಂತ ಕಾಯುತ್ತಿದ್ದಾರೆ. ನನಗೆ ಬೈಗುಳ ಬರುತ್ತಿಲ್ಲ, ಅದನ್ನೂ ಅವರು ಸಿಟ್ಟು ಅಂತಲೇ ತಿಳಿದಿದ್ದಾರೆ.

ಆ ದಿನ ಚನಮಲ್ಲಪ್ಪನವರ ಟ್ರ್ಯಾಕ್ಟರು ಹೊಲದ ಕೆಸರಿನಲ್ಲಿ ಹೂತು ನಿಂತಿತ್ತು. ಅದೇ ಕೆಸರನ್ನು ನಿಮ್ಮ ಗಾಡಿ ನಮ್ಮ ಮೂವರನ್ನೂ ಹೊತ್ತು ದಾಟಿತು. ನೀವು ಹೇಳಿದ ಹದಿನಾಲ್ಕರದನ್ನು ಹಾಕಿದ್ದರೆ ದಾಟುತ್ತಿತ್ತೋ ಇಲ್ಲವೋ ನಿಮಗೇ ಗೊತ್ತು. ಇವರು ರಸ್ತೆಗೆ ಬಂದ ಮೇಲಿನದನ್ನಷ್ಟೇ ನೆನಪಿಟ್ಟಿದ್ದಾರೆ.

ರಸ್ತೆಯ ಮಾತು ಹೇಳುತ್ತೇನೆ. ಇವರು ಮುಂದೆ, ನಾನು ನಡುವೆ, ಅತ್ತೆ ಹಿಂದಿನಿಂದ ನನ್ನನ್ನು ಅಪ್ಪಿ ಹಿಡಿದಿದ್ದಳು. ನನ್ನ ಹೊಟ್ಟೆ ಇವರ ಬೆನ್ನಿಗೆ ಒತ್ತಿಕೊಂಡಿತ್ತು. ಬೇನೆ ಬಂದಾಗ ಏನೂ ತಿಳಿಯುತ್ತಿರಲಿಲ್ಲ. ಬೇನೆ ಬಿಟ್ಟಾಗ ಕೂಸು ಒದೆಯುತ್ತಿತ್ತು. ಅಡ್ಡ ಮಲಗಿತ್ತಲ್ಲ, ಅದರ ಕಾಲು ನೇರ ಇವರ ಬೆನ್ನಿಗೇ ಬೀಳುತ್ತಿತ್ತು. ಗಾಡಿಯ ಅದುರಾಟದಲ್ಲಿ ಇವರಿಗೆ ಗೊತ್ತಾಗಲಿಲ್ಲ. "ಕೂಸು ನಿಮಗ ಒದಿಯಾಕತ್ತೈತ್ರೀ" ಅಂತ ನಾನು ಕೂಗಿ ಹೇಳಿದೆ. ಎಂಜಿನಿನ ಸದ್ದಿನಲ್ಲಿ ಇವರಿಗೆ ಕೇಳಲಿಲ್ಲ. ನಾನು ನೋವಿಗೆ ಕೂಗಿದೆ ಅಂದುಕೊಂಡು ಇನ್ನೂ ಜೋರು ಮಾಡಲು ನೋಡಿದರು.

ದಾರಿಯುದ್ದಕ್ಕೂ ಅದು ಜೀವಂತ ಇತ್ತು, ಭಾವನವರೇ. ಅಪ್ಪ, ಅವ್ವ, ಕೂಸು ಅಂತ ಮೂವರೂ ಇದ್ದದ್ದು ಅಲ್ಲಿಯೇ. ಆಸ್ಪತ್ರೆಯಲ್ಲಿ ನಾನು ಅದನ್ನು ಎತ್ತಿಕೊಂಡಾಗ ಅದಕ್ಕೆ ಉಸಿರಾಡಲು ಆಗುತ್ತಿರಲಿಲ್ಲ, ಬಣ್ಣ ತಿರುಗಿತ್ತು. ಒದ್ದದ್ದೆಲ್ಲ ಆ ದಾರಿಯಲ್ಲಿ. ಗಾಡಿ ಜೋರಾಗಿ ಓಡಿದ್ದರೆ ಅದರ ಆಯುಷ್ಯದಲ್ಲಿ ಅಷ್ಟು ಕಡಿಮೆಯಾಗುತ್ತಿತ್ತು.

ಗಾಡಿಯ ಹಲ್ಲು ಬಿಚ್ಚಬೇಡಿ. ನೀವೇ ಅದನ್ನು ಓಡಿಸಿಕೊಂಡು ಇಲ್ಲಿಗೆ ಬನ್ನಿ. ಇವರನ್ನು ಎದುರಿಗೆ ಕೂರಿಸಿಕೊಂಡು, ಕೂಸು ನಿನ್ನ ಬೆನ್ನಿಗೆ ಒದ್ದಿತ್ತು ಅಂತ ಹೇಳಿ. ನಾನು ಬಾಯಿ ತೆರೆದರೆ ಎದ್ದು ಹೋಗುತ್ತಾರೆ, ಅಣ್ಣನ ಮುಂದಿನಿಂದ ಏಳುವುದಿಲ್ಲ. ಆ ದಾರಿ ಬಹಳ ಉದ್ದವಾಯಿತು ಅಂತ ಇವರು ನಿದ್ದೆಯಲ್ಲೂ ಅನ್ನುತ್ತಾರೆ. ನನಗೆ ಅದು ಸಾಲಲಿಲ್ಲ.

ಇಂತಿ,
ಸುಂದರವ್ವ